ಅಣ್ಣನಿಲ್ಲದ ಹೆಸರು

"ದೇವಯ್ಯ, ಸಾಯಂಕಾಲ ಅಂಗಡೀಲೇ ಇರಪ್ಪ. ಬಿಂದು ಮದುವೆ ಕಾರ್ಡ್ ಪ್ರಿಂಟ್ ಹಾಕ್ಸೋಕೆ ನಿಮ್ಮಣ್ಣ, ನಾನು ಇಬ್ರೂ ಬತ್ತೀವಿ" ಎಂದು ಲಕ್ಕಮ್ಮತ್ತಿಗೆ ಹೇಳಿ ಫೋನ್ ಇಟ್ಟ ಮೇಲೂ ದೇವಯ್ಯ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಕಾಫಿ ತಂದ ಕಮಲಮ್ಮ ಗಂಡನ ಮುಖ ನೋಡಿ "ಯಾರು?" ಎಂದಳು. "ಅಣ್ಣ ಬರ್ತಾನಂತೆ" ಎಂದ. ಹಾಗೆನ್ನುವಾಗ ತನ್ನ ದನಿ ಹುಡುಗನ ದನಿಯಾದದ್ದು ಕೇಳಿ ಅವನಿಗೇ ನಾಚಿಕೆಯಾಯಿತು. ಐವತ್ತರ ಹತ್ತಿರದ ಗಂಡಸು, ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ ನಡೆಸುವವನು, ಎನ್.ಆರ್. ಕಾಲೋನಿಯಲ್ಲಿ ಸ್ವಂತ ಮನೆ ಕಟ್ಟಿಸಿದವನು, ಅಣ್ಣ ಬರುತ್ತಾನೆಂದರೆ ಹೀಗೆ ಹಿಗ್ಗುವುದೇ? ಆದರೆ ಅಣ್ಣ ಅಂಗಡಿಯ ಮೆಟ್ಟಿಲು ಹತ್ತಿ ಎರಡು ವರ್ಷವಾಗಿತ್ತು. ಕಾಲುನೋವು ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಕಾರಣ. ಆ ಕಾಲಿನಲ್ಲೇ ದಿನಾ ಬೆಳಗ್ಗೆ ಮಾವಳ್ಳಿಯ ಮನೆಯಿಂದ ಲಾಲ್‌ಬಾಗಿಗೆ ಹೋಗಿ ಬಂಡೆ ಹತ್ತಿ ಇಳಿಯುತ್ತಾನೆಂಬುದೂ ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಆಡುತ್ತಿರಲಿಲ್ಲ, ಅಷ್ಟೇ. ಬಿಂದುವಿನ ನಿಶ್ಚಿತಾರ್ಥಕ್ಕೆ ದೇವಯ್ಯನೂ ಹೋಗಿರಲಿಲ್ಲ. ಕೆಲಸ ಜಾಸ್ತಿ ಎಂದು ಕಮಲಮ್ಮನೊಬ್ಬಳನ್ನೇ ಕಳಿಸಿದ್ದ. ಅಣ್ಣನ ಕಾಲುನೋವಿಗೆ ತಮ್ಮನ ಕೆಲಸ ಸರಿಹೋಯಿತೆಂದು ಕಮಲಮ್ಮ ಚುಚ್ಚಿದ್ದಳು. ಈಗ ಅದೆಲ್ಲ ಮುಗಿಯಿತು ಎಂದುಕೊಂಡ. ಮಗಳ ಮದುವೆಯ ಕಾರ್ಡಿಗೆ ಅಣ್ಣ ತನ್ನ ಅಂಗಡಿಗೇ ಬರುತ್ತಿದ್ದಾನೆ. ತಾನು ಎದುರಿಗೆ ಕೂತು ಹೆಸರುಗಳನ್ನು ಬರೆದುಕೊಳ್ಳುತ್ತೇನೆ, ಬಯ್ದರೆ ಬಯ್ಯಲಿ. ಬಯ್ದರೆ ಒಳ್ಳೆಯದೇ.

ಹೆಸರು ಬರೆದುಕೊಳ್ಳುವುದನ್ನು ಕಲಿಸಿದವನೂ ಅಣ್ಣನೇ. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಕೊನೆಗೆ ಸ್ವಂತ ಅಂಗಡಿ ಇಟ್ಟು, ಬಾಗಿಲ ಮೇಲೆ ತನ್ನ ಹೆಸರಲ್ಲೇ 'ಮಾಯಣ್ಣ ಕಾರ್ಡ್ಸ್' ಎಂದು ದೊಡ್ಡದಾಗಿ ಬರೆಸಿದ ಮನುಷ್ಯ. ಗಿರಾಕಿ ಬಂದು ಕೂತರೆ ಯಾವ ಕಾಗದ ಬೇಕೆಂದು ಕೇಳುತ್ತಿರಲಿಲ್ಲ. "ಹುಡುಗಿ ಸೋದರಮಾವ ಅವ್ರಾ? ಚಿಕ್ಕಪ್ಪಂದಿರು ಎಷ್ಟ್ ಜನ? ಮಾತಾಡೋ ಹಂಗಿದ್ರೂ ಸರಿ, ಇಲ್ದಿದ್ರೂ ಸರಿ, ಹೆಸರು ಬರಿಸಿ ಸ್ವಾಮಿ. ಬಿಟ್ಟೋದ ಹೆಸರು ಛತ್ರದ ಬಾಗ್ಲಲ್ಲಿ ಬಂದು ಕೂತ್ಕೊಳ್ತದೆ" ಎನ್ನುತ್ತಿದ್ದ. ಒಡಹುಟ್ಟಿದವರಿಗೆ ಎಷ್ಟು ಕಾರ್ಡ್ ಬೇಕಾದೀತು ಎಂದು ಯಾರೋ ಲೆಕ್ಕ ಹಾಕುತ್ತಿದ್ದಾಗ ನಕ್ಕುಬಿಟ್ಟಿದ್ದ. "ಕಾರ್ಡ್ ಕೊಡೋದು ಹೊರಗ್ನೋರ್ಗೆ. ಒಳಗ್ನೋರ ಹೆಸರು ಕಾರ್ಡ್ನಾಗೇ ಇರ್ತದೆ." ಈ ಮಾತಿಗೆಲ್ಲ ಗಿರಾಕಿಗಳು ನಗುತ್ತಿದ್ದರು. ಮಲ್ಲೇಶ್ವರದಿಂದಲೋ ಬಸವನಗುಡಿಯಿಂದಲೋ ಬಂದ ಹೆಂಗಸರು ನಕ್ಕರೆ, ಅದು ಮಾತಿಗೆ ನಕ್ಕಿದ್ದೋ ಅಣ್ಣನ ಬಾಯ ತುಂಬ ಇರುವ ಎಲೆಅಡಿಕೆಗೆ ನಕ್ಕಿದ್ದೋ ಎಂದು ದೇವಯ್ಯ ಒಳಗೊಳಗೇ ಹಿಂಡಿಹೋಗುತ್ತಿದ್ದ. ಅಣ್ಣ ಓದಿಸಿದ ಬಿ.ಕಾಂ. ಅವನಿಗೆ ಲೆಕ್ಕ ಕಲಿಸಿತ್ತು, ಜೊತೆಗೆ ಈ ಹಿಂಡಿಹೋಗುವುದನ್ನೂ ಕಲಿಸಿತ್ತು. ಅಂಗಡಿಯ ಆ ಕೊನೆಯಿಂದ ಅಣ್ಣ "ಲೇ ದೇವಾ" ಎಂದು ಕೂಗಿದರೆ ಕೇಳಿಸದವನಂತೆ ಕಾರ್ಡುಗಳನ್ನು ಜೋಡಿಸುತ್ತಿದ್ದ. ಅವ್ವ ನಾರಾಯಣಮ್ಮ ಸತ್ತ ಮೇಲೆ ಅವನ ಹೆಸರಿನ 'ಅಯ್ಯ' ಕಿತ್ತು ಕರೆಯುವವನು ಅಣ್ಣನೊಬ್ಬನೇ ಉಳಿದಿದ್ದ.

ವೆಬ್‌ಸೈಟ್ ಮಾಡಿಸೋಣವೆಂದು ಹೇಳಿದಾಗ ಅಣ್ಣ ಒಂದು ಮಾತೂ ಕೇಳದೆ ಒಪ್ಪಿದ್ದ. ಗಾಂಧಿ ಬಜಾರಿನಲ್ಲಿ ಕಾಫಿಪುಡಿ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡಿದ್ದ ಅಭಿರಾಮನೆಂಬ ಹುಡುಗ ಅಂಥ ಕೆಲಸ ಮಾಡುತ್ತಿದ್ದ. ಕಂಪನಿ ಹೆಸರೇ ಇಡಬಹುದು ಸರ್, ಇನ್ನೂ ಯಾರೂ ತಗೊಂಡಿಲ್ಲ, ಖಾಲಿ ಇದೆ, ಎಂದು ಹೇಳಿ ಅವನು ಒಂದು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಮಾಯಣ್ಣ ಎಂದು ಬರೆದು ತೋರಿಸಿದ. ಎಂ, ಎ, ವೈ, ಎ, ಎನ್, ಎನ್, ಎ. ಕನ್ನಡದಲ್ಲಿ ದಿನಾ ನೋಡುತ್ತಿದ್ದ ಹೆಸರು ಆ ಅಕ್ಷರಗಳಲ್ಲಿ ಅಂಗಿ ಬಿಚ್ಚಿ ನಿಂತ ಹಳ್ಳಿಯವನಂತೆ ಕಂಡಿತು. ಅಮೆರಿಕದಲ್ಲಿ ಕೂತು ತಂಗಿಯ ಮದುವೆಗೆ ಕಾರ್ಡ್ ಹುಡುಕುವವರು ಇದನ್ನು ಹೇಗೆ ಓದಿಯಾರು? ದೇವಯ್ಯ ಹೆಬ್ಬೆರಳನ್ನು ಹಾಳೆಯ ಮೇಲಿಟ್ಟು ಕೊನೆಯ ಮೂರು ಅಕ್ಷರ ಮುಚ್ಚಿದ. ಮಾಯ ಉಳಿಯಿತು. "ಸೂಪರ್ ಸರ್, ಮಾಯಾ ಕಾರ್ಡ್ಸ್ ಡಾಟ್ ಕಾಮ್. ಕಂಪನಿ ಹೆಸರು ಬೇರೆ, ಸೈಟ್ ಹೆಸರು ಬೇರೆ ಇದ್ರೆ ತೊಂದ್ರೆ ಏನಿಲ್ಲ, ಎಷ್ಟೋ ಜನ ಹಾಗೇ ಮಾಡ್ತಾರೆ" ಎಂದ ಅಭಿರಾಮ. ತೊಂದರೆ ಇಲ್ಲವೆಂದು ಅವನು ಹೇಳಿದ್ದರಿಂದಲೇ ಏನೋ ತೊಂದರೆ ಇದೆ ಎಂದು ಆಗ ಅನ್ನಿಸಿತ್ತು. ಬೆರಳು ತೆಗೆದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ತೆಗೆಯಲಿಲ್ಲ. ಆಮೇಲೆ ಆ ಹೆಸರು ಇಂಗ್ಲಿಷಿನಲ್ಲೇ, ಅಣ್ಣನ ಗಮನಕ್ಕೆ ಬಾರದೆ, ಗಾಜಿನ ಬಾಗಿಲಿಗೆ ಬಂತು, ವಿಸಿಟಿಂಗ್ ಕಾರ್ಡಿಗೆ ಬಂತು, ಫೋನ್ ಎತ್ತುವ ಹುಡುಗಿಯ ಬಾಯಿಗೆ ಬಂತು. ಮೇಲಿನ ಬೋರ್ಡಿನಲ್ಲಿ ಮಾತ್ರ ಮಾಯಣ್ಣ ಉಳಿದ. ಬೀದಿಯಲ್ಲಿ ತಲೆಯೆತ್ತಿ ಬೋರ್ಡ್ ಓದುವವರು ಕಡಿಮೆ.

ಒಂದು ಮಧ್ಯಾಹ್ನ ಕಾರಿನಿಂದ ಇಳಿದ ಗಂಡ ಹೆಂಡತಿ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು "ಇಲ್ಲಿ ಮಾಯಾ ಕಾರ್ಡ್ಸ್ ಎಲ್ಲಿ?" ಎಂದು ಕೇಳಿದ್ದರು. ಅಣ್ಣ ಅತ್ತಿತ್ತ ನೋಡಿ, "ಆ ಹೆಸರಿನೋರು ಇಲ್ಲಿ ಯಾರೂ ಇಲ್ವಲ್ಲ ತಾಯಿ. ಮುಂದ್ಕೋಗಿ ಗಂಗಾಧರಯ್ಯನೋರ ಅಂಗಡೀಲಿ ಕೇಳಿ, ಅವ್ರು ಹಳಬ್ರು" ಎಂದು ದಾರಿ ತೋರಿಸಿ ಕಳಿಸಿದ್ದ. ಮೇಲಿನ ಅಂತಸ್ತಿನ ಕಿಟಕಿಯಿಂದ ನೋಡುತ್ತಿದ್ದ ದೇವಯ್ಯ ಓಡಿ ಬರುವಷ್ಟರಲ್ಲಿ ಅವರು ಎದುರು ಸಾಲಿನ ಗಂಗಾಧರಯ್ಯನ ಕಾರ್ಡ್ ಅಂಗಡಿಯೊಳಗೆ ಕೂತಾಗಿತ್ತು. ಆಳುಗಳ ಮುಂದೆ, ಗಿರಾಕಿಗಳ ಮುಂದೆ ಅವನು ಅಣ್ಣನ ಮೇಲೆ ಕೂಗಾಡಿದ. ಸ್ವಂತ ಅಂಗಡಿ ಯಾವುದೆಂದು ಗೊತ್ತಿಲ್ಲವೇ, ಬಾಗಿಲಲ್ಲಿ ಯಾಕೆ ನಿಲ್ಲುತ್ತೀಯ, ಸುಮ್ಮನೆ ಒಳಗೆ ಕೂತಿರಬಾರದೇ ಎಂದ. ಗಾಜಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅಣ್ಣ ಆ ದಿನ ಬೆರಳಿಟ್ಟು ಒಂದೊಂದಾಗಿ ಓದಿದ್ದು ದೇವಯ್ಯನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಅಣ್ಣ ಮೆಲ್ಲಗೆ ಕೇಳಿದ. "ಅದ್ಯಾಕ್ಲಾ ದೇವಾ, ಅದ್ರಾಗೆ ನನ್ ಹೆಸರು ಹಾಕ್ಲಿಲ್ಲ?" ಅಣ್ಣನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ದೇವಯ್ಯ ನಿಜ ಹೇಳುತ್ತಿದ್ದನೇನೋ. "ಸೈಟಿಗೆ ಅದನ್ನೇ ಹಾಕೋಣ ಅಂತ ಹೋಗಿದ್ದೆ ಅಣ್ಣ. ನಿನ್ನ ಹೆಸರು ಸಿಗ್ಲಿಲ್ಲ. ಅಮೆರಿಕದಲ್ಲಿ ಯಾರೋ ಮೊದ್ಲೇ ತಗೊಂಡ್ಬಿಟ್ಟವ್ರೆ" ಎಂದುಬಿಟ್ಟ. ಅಣ್ಣ ಬೀಗ ಕೈಯಲ್ಲಿ ಹಿಡಿದುಕೊಂಡು ನಿಂತೇಬಿಟ್ಟ. "ನನ್ ಹೆಸರ್ನಾ? ಅಮೆರಿಕದಾಗಾ?" ಅವನ ಮುಖ ಅರಳಿತು. ಮಾರನೆಯ ದಿನದಿಂದ ಟೀ ಅಂಗಡಿಯಲ್ಲಿ, ಪೇಪರ್ ಅಂಗಡಿಯಲ್ಲಿ, ಗಂಗಾಧರಯ್ಯನ ಹತ್ತಿರ ಕೂಡ ಅದೇ ಮಾತು. ಅಮೆರಿಕದಾಗೂ ಒಬ್ಬ ಮಾಯಣ್ಣ ಅವ್ನಂತೆ ಕಣ್ರೀ. ನಮ್ ಕಡೆಯೋನೇ ಇರ್ಬೇಕು, ಬೇರೆಯೋರು ಈ ಹೆಸರು ಯಾಕೆ ಇಟ್ಕೊಳ್ತಾರೆ? ಹೀಗೆ ಕೆಲವು ವಾರ ನಡೆದು ಒಂದು ದಿನ ಆ ಮಾತು ನಿಂತಿತು. ಅದೇ ವಾರ ಕಾಲುನೋವು ಶುರುವಾಯಿತು. ಕೂಗಾಡಿದ್ದು ತಡವಾಗಿ ನಾಟಿರಬೇಕೆಂದು ದೇವಯ್ಯ ಇಷ್ಟು ದಿನ ತಿಳಿದಿದ್ದ.

ಈಗ ಅಣ್ಣ ಬರುವ ಮುನ್ನ ಆ ಹೆಸರನ್ನು ಸರಿಮಾಡಿಬಿಡಬೇಕು ಎಂದು ಕಾಫಿ ಕುಡಿಯುವಾಗ ಥಟ್ಟನೆ ಹೊಳೆಯಿತು. ಅಂಗಡಿಗೆ ಹೋಗುವ ಬದಲು ಗಾಂಧಿ ಬಜಾರಿಗೆ ಹೋದ. ಅಭಿರಾಮನ ಕೋಣೆಗೆ ಹತ್ತುವಾಗ ಕಾಫಿಪುಡಿಯ ಘಮ ಹಳೆಯದೇ. ಮೇಲೆ ಕಂಪ್ಯೂಟರುಗಳು ಜಾಸ್ತಿಯಾಗಿದ್ದವು, ಅಭಿರಾಮನ ಕೂದಲು ಕಡಿಮೆಯಾಗಿತ್ತು.

"ಮಾಯಣ್ಣ ಕಾರ್ಡ್ಸ್ ಅಂತ ಪೂರ್ತಿ ಹೆಸರು ಸಿಗುತ್ತಾ ನೋಡಪ್ಪ" ಎಂದ.

ಅಭಿರಾಮ ಕೀಲಿಗಳನ್ನು ಒತ್ತಿ ನೋಡಿ ನಕ್ಕ. "ಸಿಗುತ್ತೆ ಸರ್. ಅವತ್ತಿಂದ ಖಾಲೀನೇ ಬಿದ್ದಿದೆ. ನಿಮ್ಮಣ್ಣನ ಮಗಳಿಗೂ ಅದೇ ಹೇಳಿದ್ನಲ್ಲ."

"ಯಾರಿಗೆ?"

"ಬಿಂದು ಅಂತಲ್ವಾ ಹೆಸರು? ಎರಡು ವರ್ಷ ಆಗಿರ್ಬೇಕು. ಕಾಲೇಜಿಂದ ಹಾಗೇ ಬಂದಿದ್ರು. ನಮ್ಮಪ್ಪನ ಹೆಸರು ಅಮೆರಿಕದಲ್ಲಿ ಯಾರ ಹತ್ರ ಇದೆ, ಅಡ್ರೆಸ್ ಸಿಗುತ್ತಾ ಅಂತ ಕೇಳಿದ್ರು. ಅವರಪ್ಪ ಅವರಿಗೊಂದು ಕಾಗದ ಬರೀಬೇಕು ಅಂತಿದಾರೆ ಅಂತ ನಗ್ತಿದ್ರು. ಯಾರ ಹತ್ರಾನೂ ಇಲ್ಲ ಮೇಡಮ್, ಯಾವಾಗ್ಲೂ ಖಾಲಿ ಅಂತ ಹೇಳಿ ಕಳಿಸ್ದೆ. ಯಾಕೆ ಸರ್?"

"ಏನಿಲ್ಲ" ಎಂದ ದೇವಯ್ಯ. "ತಗೊಂಡ್ಬಿಡು ಆ ಹೆಸರ್ನ. ಈಗ್ಲೇ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಏನು ಕಾಣುತ್ತಿದೆ ಎಂಬುದರ ಮೇಲೆ ಗಮನವಿರಲಿಲ್ಲ. ಅಣ್ಣ ಕಾಗದ ಬರೆಯಬೇಕೆಂದಿದ್ದ. ಏನು ಬರೆಯುತ್ತಿದ್ದ? ನಾನೂ ಮಾಯಣ್ಣ, ನೀವೂ ಮಾಯಣ್ಣ, ನಿಮ್ಮ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಿದ್ದ. ಬೆಂಗಳೂರಿಗೆ ಬಂದರೆ ಅಂಗಡಿಗೆ ಬನ್ನಿ ಎಂದೂ ಬರೆಸುತ್ತಿದ್ದ. ಬಿಂದು ಮನೆಗೆ ಹೋಗಿ ಅಂಥವರು ಯಾರೂ ಇಲ್ಲವಂತೆ ಅಪ್ಪ ಎಂದಾಗ ಅವನ ಮುಖ ಹೇಗಾಗಿರಬೇಕು? ಟೀ ಅಂಗಡಿಯಲ್ಲಿ ಯಾರಾದರೂ ತಮಾಷೆಗೆ ಏನಂತೆ ನಿಮ್ಮ ಅಮೆರಿಕದ ಮಾಯಣ್ಣ ಎಂದು ಕೇಳಿದ್ದರೆ ಅಣ್ಣ ಏನು ಹೇಳಿರಬೇಕು? ಕೂಗಾಡಿದ್ದನ್ನು ಅಣ್ಣ ನುಂಗಿಕೊಂಡಿದ್ದ. ಈ ಸುಳ್ಳನ್ನು ನುಂಗಿಕೊಳ್ಳಲು ಆಗಿರಲಿಲ್ಲ. ಎರಡು ವರ್ಷ ಗೊತ್ತಿದ್ದೂ ಒಂದು ಮಾತು ಆಡಿಲ್ಲ, ಬಿಂದುವೂ ಆಡಿಲ್ಲ. ಹಬ್ಬಕ್ಕೆ ಬಂದಾಗ ಚಿಕ್ಕಪ್ಪ ಎಂದು ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದಳು. ಇವತ್ತು ಹೇಳಿಬಿಡಬೇಕು. ಅಣ್ಣ, ನಿನ್ನ ಹೆಸರು ನಾನೇ ಬೇಡ ಅಂದೆ, ನಾಚ್ಕೊಂಡೆ, ತಪ್ಪಾಯ್ತು. ಮೂರು ಮಾತು. ಬಾಯೊಳಗೇ ಹೇಳಿಕೊಂಡು ನೋಡಿದ. 'ನಾಚ್ಕೊಂಡೆ' ಎಂಬಲ್ಲಿ ನಾಲಿಗೆ ತೊಡರಿತು. ಅಣ್ಣನ ಹೆಸರಿಗೆ ನಾಚಿದೆನೆಂದು ಅಣ್ಣನ ಮುಖ ನೋಡಿಕೊಂಡು ಹೇಳುವುದು ಹೇಗೆ? ಅದನ್ನು ಬಿಟ್ಟು ಹೇಳಲಾದೀತೇ? ಅಮೆರಿಕದವನು ಈಗ ಬಿಟ್ಟುಕೊಟ್ಟ ಎಂದರೆ ಎಷ್ಟು ಸಲೀಸು ಎಂದು ಮನಸ್ಸು ಒಂದು ಕ್ಷಣ ಆ ಕಡೆ ಜಾರಿತು. ಛೀ ಎಂದುಕೊಂಡ. ಪಕ್ಕದಲ್ಲಿ ಕೂತವನು ತಿರುಗಿ ನೋಡಿದ್ದರಿಂದ ಆ ಛೀ ಹೊರಗೆ ಬಂದಿತ್ತೆಂದು ಗೊತ್ತಾಯಿತು.

ಅವರು ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ತಿರುಪತಿಯಿಂದ ತಂದ ಜರಿ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಣ್ಣ ಬಾಗಿಲಲ್ಲಿ ನಿಂತಿದ್ದ. ಬಾಯಲ್ಲಿ ಎಲೆಅಡಿಕೆ ಇರಲಿಲ್ಲ. ದೇವಯ್ಯ ಕೌಂಟರಿನ ಹಿಂದೆ ಎದ್ದು ನಿಂತ. ಹೊಸದಾಗಿ ಸೇರಿದ್ದ ಹುಡುಗಿ ಎದ್ದು, "ಬನ್ನಿ ಸರ್, ಮಾಯಾ ಕಾರ್ಡ್ಸ್‌ಗೆ ಸ್ವಾಗತ. ಯಾರ ಮದುವೆ?" ಎಂದಳು.

"ನನ್ ಮಗಳ್ದಮ್ಮ" ಎಂದ ಅಣ್ಣ. ಗಿರಾಕಿಗಳ ಕುರ್ಚಿಯಲ್ಲೇ ಕೂತ.

ಲಕ್ಕಮ್ಮತ್ತಿಗೆ ಚೀಲದಿಂದ ಮಡಿಸಿದ ಹಾಳೆ ತೆಗೆದುಕೊಟ್ಟಳು. ಬಿಂದುವಿನ ದುಂಡು ಅಕ್ಷರ. ಮೇಲೆ ದಿವಂಗತ ನಾರಾಯಣಮ್ಮನವರ ಆಶೀರ್ವಾದಗಳೊಂದಿಗೆ. ಕೆಳಗೆ ತಮ್ಮ ಸುಖಾಗಮನವನ್ನು ಬಯಸುವವರ ಸಾಲು. ಆ ಸಾಲಿನ ಮೊದಲಿಗೇ ಶ್ರೀಮತಿ ಕಮಲಮ್ಮ ಮತ್ತು ಶ್ರೀ ದೇವಯ್ಯ, ಆಮೇಲೆ ಅತ್ತಿಗೆಯ ತವರಿನವರು, ಹಳ್ಳಿಯವರು. ತನ್ನ ಹೆಸರನ್ನು ಅವನು ಎರಡು ಸಲ ಓದಿದ. ಕಣ್ಣು ಮಂಜಾಯಿತು.

"ಓದ್ನೋಡ್ಲಾ ದೇವಾ, ಯಾರಾದ್ರೂ ಬಿಟ್ಟೋಗವ್ರಾ?" ಎಂದ ಅಣ್ಣ. ಎರಡು ವರ್ಷದ ಮೇಲೆ ಕೇಳಿದ 'ದೇವಾ.' ಅಂಗಡಿಯವರೆಲ್ಲ ತಿರುಗಿ ನೋಡಿದರು. ಈ ಸಲ ಹಿಂಡಿಹೋಗಲಿಲ್ಲ, ಖುಷಿಯೇ ಆಯಿತು. ಆ ಖುಷಿಯಲ್ಲಿ ಕಾಯುವಷ್ಟು ತಾಳ್ಮೆಯಿಲ್ಲದೆ, "ಅಣ್ಣ, ಸೈಟಿಗೆ ನಿನ್ ಹೆಸರು ತಗೊಂಡೆ. ಇವತ್ತೇ. ಪೂರ್ತಿ ಮಾಯಣ್ಣ ಕಾರ್ಡ್ಸ್ ಅಂತ" ಎಂದ.

ಲಕ್ಕಮ್ಮತ್ತಿಗೆ ಸೆರಗು ಸರಿಮಾಡಿಕೊಂಡು ಗಂಡನ ಕಡೆ ನೋಡಿದಳು. ಅಣ್ಣ ಮುಂದೆ ಬಾಗಿ, ಮಗುವಿಗೆ ಪಾಠ ಒಪ್ಪಿಸಲು ಹೇಳುವವನ ಹಾಗೆ ಮೆತ್ತಗೆ ಕೇಳಿದ.

"ಹೌದೇನ್ಲಾ? ಅಮೆರಿಕದೋನು ಬಿಟ್ಕೊಟ್ನಾ?"

ಅಣ್ಣನಿಗೆ ಗೊತ್ತಿದೆ ಎಂದು ದೇವಯ್ಯನಿಗೆ ಗೊತ್ತಿತ್ತು. ಕೇಳುತ್ತಿರುವುದು ಉತ್ತರಕ್ಕಲ್ಲ, ಬಾಗಿಲು ತೆರೆದು ಹಿಡಿದಿದ್ದಾನೆ, ಒಂದು ಹೆಜ್ಜೆ ಇಟ್ಟರೆ ಸಾಕು ಎಂಬುದೂ ಗೊತ್ತಿತ್ತು. ಮೂರು ಮಾತು ಬಾಯಲ್ಲೇ ಇದ್ದವು. ಆದರೆ ಹುಡುಗಿ ನೋಡುತ್ತಿದ್ದಳು. ಮಲ್ಲೇಶ್ವರದ ಹೆಂಗಸೊಬ್ಬಳು ಕಾರ್ಡ್ ಕೈಯಲ್ಲಿ ಹಿಡಿದು ಕಿವಿಗೊಟ್ಟಿದ್ದಳು. ಇವರ ಮುಂದೆ, ಈ ಕೌಂಟರಿನ ಹಿಂದೆ ನಿಂತು ಹೇಗೆ? ಆಮೇಲೆ ಹೇಳುತ್ತೇನೆ, ಮಾವಳ್ಳಿಗೆ ಹೋಗಿ ಅಣ್ಣ ಒಬ್ಬನೇ ಕೂತಿರುವಾಗ ಹೇಳುತ್ತೇನೆ, ಎಂದು ಮನಸ್ಸು ಒಳಗೆ ಕೈ ಮುಗಿಯುತ್ತಿರುವಾಗಲೇ ಬಾಯಿ "ಹೂಂ ಅಣ್ಣ" ಎಂದಿತು.

"ಒಳ್ಳೇ ಮನುಷ್ಯ" ಎಂದ ಅಣ್ಣ.

ಆಮೇಲೆ ದೇವಯ್ಯನ ಕೈಯಿಂದ ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡ. "ಇದು ಇನ್ನೂ ಸರಿಯಾಗಿಲ್ಲ ಕಣೆ, ಹೆಸರು ಹಿಂದೆ ಮುಂದೆ ಆಗೈತೆ" ಎಂದು ಹೆಂಡತಿಗೆ ಹೇಳುತ್ತ ಎದ್ದ. ದೇವಯ್ಯ ಕಾಫಿ ತರಿಸುತ್ತೇನೆಂದ, ಕಾರ್ಡ್ ತೋರಿಸುತ್ತೇನೆಂದ, ಬಿಂದುವಿಗೆಂದೇ ತೆಗೆದಿಟ್ಟಿದ್ದೇನೆಂದ. ಮೆಟ್ಟಿಲಿಳಿಯುವಾಗ ಅಣ್ಣ ತಲೆಯೆತ್ತಿ ಬೋರ್ಡ್ ನೋಡಿದ್ದು ಗಾಜಿನಾಚೆ ಕಾಣಿಸಿತು. ದೇವಯ್ಯ ಆ ವಾರವೆಲ್ಲ ಮಾವಳ್ಳಿಗೆ ಹೋಗಬೇಕೆಂದುಕೊಂಡ. ಒಂದು ಸಂಜೆ ಅವರ ಬೀದಿಯ ತಿರುವಿನವರೆಗೂ ಹೋದ. ಅಲ್ಲಿ ಹೂವಿನವಳ ಹತ್ತಿರ ಬೇಡದಿದ್ದರೂ ಮಲ್ಲಿಗೆ ಕಟ್ಟಿಸಿಕೊಂಡು, ವಾಪಸು ಬಂದು ಕಮಲಮ್ಮನಿಗೆ ಕೊಟ್ಟ.

ಮುಂದಿನ ಭಾನುವಾರ ಬೆಳಗ್ಗೆ ಇಬ್ಬರೂ ಎನ್.ಆರ್. ಕಾಲೋನಿಯ ಮನೆಗೆ ಬಂದರು. ಅತ್ತಿಗೆ ಕಮಲಮ್ಮನಿಗೆ ಕುಂಕುಮ ಕೊಟ್ಟಳು, ಅಣ್ಣ ಎರಡೂ ಕೈಯಲ್ಲಿ ಹಿಡಿದು ಕಾರ್ಡ್ ಕೊಟ್ಟ. ಮೂಲೆಗಳಿಗೆ ಅರಿಶಿನ ಹಚ್ಚಿತ್ತು. ಕಾಗದ ಮುಟ್ಟಿದ ಕೂಡಲೇ ಗಂಗಾಧರಯ್ಯನ ಅಂಗಡಿಯದೆಂದು ದೇವಯ್ಯನಿಗೆ ತಿಳಿಯಿತು. "ಮನೆಯೋರ್ನೆಲ್ಲ ಕರ್ಕೊಂಡು ಬರ್ಬೇಕು ನೀವು, ತಪ್ಪಿಸ್ಕೋಬಾರ್ದು" ಎಂದ ಅಣ್ಣ. ಮನೆಯವರನ್ನೆಲ್ಲ ಸೇರಿಸಿ ನೀವು ಎಂದಿರಬೇಕೆಂದು ದೇವಯ್ಯ ಸಮಾಧಾನ ಮಾಡಿಕೊಂಡ. ಕಾರ್ಡ್ ತೆರೆದ. ಅವ್ವ ಇದ್ದಳು. ಅತ್ತಿಗೆಯ ತವರಿನವರಿದ್ದರು, ಹಳ್ಳಿಯ ದಾಯಾದಿಗಳೂ ಇದ್ದರು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿದ. ಇಷ್ಟು ವರ್ಷ ಪ್ರೂಫ್ ನೋಡಿದವನ ಬಾಯಿಂದ ಅಭ್ಯಾಸಬಲದಿಂದ ಮಾತು ಬಂತು.

"ಅಣ್ಣ, ನನ್ನ ಹೆಸರು ಬಿಟ್ಟೋಗಿದೆ."

"ಎಲ್ಲಿ ಬಿಟ್ಟೋಯ್ತು?" ಎಂದ ಅಣ್ಣ. ಅವನ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ನಾನು ಯಾರ ಹೆಸರೂ ಬಿಡೋನಲ್ಲ. ಕವರ್ ಮ್ಯಾಲೆ ನೋಡಿ. ಪೂರ್ತಿ ಬರ್ಸಿವ್ನಿ."

ನೋಡಿ ಎಂದ. ನೋಡ್ಲಾ ಎನ್ನಲಿಲ್ಲ.

ಅವರು ಇನ್ನೂ ಬಹಳ ಮನೆಗಳಿಗೆ ಹೋಗಬೇಕಾಗಿತ್ತು. ಕಾಫಿ ಕುಡಿದು, ಮಕ್ಕಳನ್ನು ವಿಚಾರಿಸಿ ಹೊರಟರು. ಕಮಲಮ್ಮ ಗೇಟಿನವರೆಗೆ ಹೋದಳು. ದೇವಯ್ಯ ಕುರ್ಚಿಯಿಂದ ಏಳಲಿಲ್ಲ. ಕವರನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಶ್ರೀ ದೇವಯ್ಯನವರಿಗೆ. ಬಿಂದುವಿನದೇ ದುಂಡು ಅಕ್ಷರ. ಹೆಬ್ಬೆರಳನ್ನು ತಂದು 'ಯ್ಯನವರಿಗೆ' ಎಂಬುದರ ಮೇಲಿಟ್ಟ. ದೇವ ಉಳಿಯಿತು. ಗೇಟು ಹಾಕಿದ ಸದ್ದು ಕೇಳಿಸಿತು. ಕಮಲಮ್ಮ ಒಳಗೆ ಬಂದು ಲೋಟಗಳನ್ನೆತ್ತಿಕೊಂಡು, "ಯಾಕೆ ಹಂಗೆ ಕೂತಿದೀರ? ಎಲ್ಲಿ, ಕೊಡಿ ಕಾರ್ಡು, ದೇವರ ಮುಂದೆ ಇಡ್ತೀನಿ" ಎಂದಳು. ಬೆರಳು ತೆಗೆದು ಕೊಟ್ಟ. ಹೆಸರು ಪೂರ್ತಿಯಾಗೇ ಇತ್ತು.